ಓದಿಲ್ಲ ಎಂಬ ಗುರುತು

"ಅಕ್ಕನಿಗೆ ಓದಿ ಹೇಳ್ತಿದ್ದದ್ದು ನಾನೇ ಕಣ್ರೀ. ನಾನು ಬರ್ಲಿಲ್ಲ ಅಂದ್ರೆ ಅವತ್ತು ಅಕ್ಕನಿಗೆ ಲೋಕದ ಸುದ್ದೀನೇ ಇಲ್ಲ," ಎಂದ ಬೇಕರಿಯವನು. ಒಂದು ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ ಹಿಡಿದಿದ್ದ, ಇನ್ನೊಂದು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಮೊದಲು ಸರಿಯಾಗಿ ಹಿಡ್ಕೊಳಪ್ಪಾ. ಕಾಲ ಮೇಲೆ ಬಿದ್ರೆ ನಿನ್ನನ್ನೂ ಇಲ್ಲೇ ಮಲಗಿಸ್ಬೇಕಾಗುತ್ತೆ," ಎಂದ ಬೋರ್ಡಣ್ಣ, ಸ್ಟೂಲಿನ ಮೇಲೆ ನಿಂತು.

ಸೂರಿನ ಕೊಕ್ಕೆಗಳಿಂದ ರಿಪೇರಿಗೆ ಬಂದ ಸೈಕಲ್ಲುಗಳನ್ನು ಒಂದೊಂದಾಗಿ ಇಳಿಸಿ ಹೊರಗೆ ಗೋಡೆಗೆ ಒರಗಿಸುವ ಕೆಲಸ ನಡೆದಿತ್ತು. ಅಂಗಡಿಯ ನಡುವೆ ಜಾಗವಾಗಬೇಕು. ಒಳಮನೆಯಲ್ಲಿ ಮಲಗಿಸಿದ್ದ ಗಾಳಿ ಅಕ್ಕನನ್ನು ಇಲ್ಲಿಗೆ ತರಬೇಕು. ನಿನ್ನೆ ಊಟ ಮಾಡಿ, "ಸ್ವಲ್ಪ ಅಡ್ಡಾಗ್ತೀನಿ, ಯಾರಾದ್ರೂ ಬಂದ್ರೆ ಕೂಗಿ" ಎಂದು ಮಲಗಿದವಳು, ಎಷ್ಟು ಕೂಗಿದರೂ ಏಳಲಿಲ್ಲ. ಅಂಗಡಿ ಬೇಡ, ಗ್ರೀಸು, ಎಣ್ಣೆ, ನೋಡೋಕೆ ಚೆನ್ನಾಗಿರಲ್ಲ ಎಂದು ನೆಂಟರೆಲ್ಲ ಹೇಳಿದರು. ಬೋರ್ಡಣ್ಣ ಜೀವಮಾನದಲ್ಲಿ ಹಟ ಹಿಡಿದವನಲ್ಲ. ಇವತ್ತು ಹಿಡಿದ. "ಅವಳು ಜನರನ್ನ ಸಂಪಾದಿಸಿದ್ದು ಅಂಗಡೀಲಿ. ಬಂದವರು ಅವಳನ್ನ ಅಲ್ಲೇ ನೋಡ್ಲಿ" ಎಂದುಬಿಟ್ಟ.

ಅವನು ಅಂಗಡಿಗಳಿಗೆ ನಾಮಫಲಕ ಬರೆಯುವವನು, ಆದ್ದರಿಂದ ಬೋರ್ಡಣ್ಣ. ಅವಳು ಅಪ್ಪನಿಂದ ಬಂದ ಈ ಸೈಕಲ್ ಅಂಗಡಿಯಲ್ಲಿ ಬೀದಿಯ ಚಕ್ರಗಳಿಗೆಲ್ಲ ಗಾಳಿ ತುಂಬಿದವಳು, ಆದ್ದರಿಂದ ಗಾಳಿ ಅಕ್ಕ. ಹುಟ್ಟಿದಾಗ ಇಟ್ಟ ಹೆಸರು ಇಬ್ಬರದೂ ರೇಷನ್ ಕಾರ್ಡಿನಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು.

"ನೀನೊಬ್ಬನೇ ಓದಿದ ಹಾಗೆ ಆಡ್ತೀಯಲ್ಲೋ!" ಎಂದ ಬಾಗಿಲ ಬಳಿ ಕುರ್ಚಿ ಜೋಡಿಸುತ್ತಿದ್ದ ವಾಚ್‌ಮನ್. "ಆ ಹಡಗಿನ ಅಡುಗೆಯವನು ಬರೀತಾನಲ್ಲ, ಅವನದ್ದು ಮೊದಲಿಂದ ಕೊನೇವರೆಗೆ ಓದಿದ್ದು ನಾನು. ಡ್ಯೂಟಿ ಮುಗಿಸ್ಕೊಂಡು ಸೀದಾ ಇಲ್ಲಿಗೇ ಬರ್ತಿದ್ದೆ. ಗಾಳಿ ಸರಿಯಾಗಿದ್ರೂ ಸರಿ, ಒಂದು ಸಲ ಬಿಟ್ಟು ತುಂಬಿಸ್ತಿದ್ದೆ."

"ನಾನಂತೂ ಬೇಕು ಅಂತಲೇ ಚೈನ್ ಸಡಿಲ ಬಿಟ್ಕೊಂಡೇ ಓಡಾಡ್ತಿದ್ದೆ," ಎಂದರು ಲೆಕ್ಕದ ಟೀಚರ್. "ಒಂದೇ ಮರದ ಬಗ್ಗೆ ಬರೀತಾಳಲ್ಲ ಮರದಮ್ಮ, ಅವಳದ್ದು ನಂದು. ಅದನ್ನ ಬೇರೆಯವರು ಮುಟ್ಟಕೂಡದು."

ಬೋರ್ಡಣ್ಣ ಸ್ಟೂಲಿನಿಂದ ಇಳಿದು ಬೆನ್ನು ತಿರುಗಿಸಿ ನಿಂತ. ಸಾವಿನ ಮನೆಯಲ್ಲಿ ಗಂಡನಾದವನ ಮುಖದ ಮೇಲೆ ನಗು ಕಂಡರೆ ಜನ ಏನೆಂದಾರು?

ಆ ಅಂಗಡಿಗೆ ಒಂದು ಪದ್ಧತಿ ಇತ್ತು. ಪಂಕ್ಚರ್ ಹಾಕುವವರೆಗೆ ಕಾಯುವವನು ಸುಮ್ಮನೆ ಕೂರುವಂತಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಟ್ಯಾಬ್ ಅವನ ತೊಡೆಯ ಮೇಲೆ ಬರುತ್ತಿತ್ತು. "ನನ್ ಕೈ ನೋಡಿ, ಗ್ರೀಸು. ಬುಟ್ಟಿಗೆ ಏನು ಬಿದ್ದಿದೆ, ಒಸಿ ಓದಿ ಹೇಳ್ತೀರಾ?" ಎನ್ನುತ್ತಿದ್ದಳು ಗಾಳಿ ಅಕ್ಕ. ಬುಟ್ಟಿ ಎಂದರೆ ಫೀಡ್ ರೀಡರ್. ಅವಳಿಗೆ ಇಷ್ಟವಾದ ವೆಬ್‌ಸೈಟುಗಳಲ್ಲಿ ಯಾರು ಏನು ಹೊಸದಾಗಿ ಬರೆದರೂ ಅದು ತಾನೇ ಬಂದು ಅದರಲ್ಲಿ ಬೀಳುತ್ತಿತ್ತು. ಕಾಯುವವನು ಓದುತ್ತಿದ್ದ, ಅವಳು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತ ಕೇಳುತ್ತಿದ್ದಳು.

"ಪಾಪ, ಅಕ್ಕನಿಗೆ ಕಣ್ಣಾಗಿದ್ದೆ ನಾನು," ಎಂದು ಬೇಕರಿಯವನು ಮತ್ತೆ ಶುರು ಮಾಡುವಷ್ಟರಲ್ಲಿ ಗಾಳಿ ಅಕ್ಕನ ಅಣ್ಣ ಒಳಗಿನಿಂದ ಬಂದ. ದೂರದ ಊರಿನಿಂದ ಬೆಳಗ್ಗೆಯಷ್ಟೇ ಬಂದಿಳಿದವನು, ಇಸ್ತ್ರಿ ಮಾಡಿದ ಅಂಗಿ, ಅತ್ತು ಊದಿದ ಕಣ್ಣು.

"ವ್ಯಾನ್ ಬರೋ ಮುಂಚೆ ನಾನು ನಾಲ್ಕು ಮಾತಾಡ್ತೀನಿ," ಎಂದ ಅವನು ಬೋರ್ಡಣ್ಣನ ಹೆಗಲ ಮೇಲೆ ಕೈಯಿಟ್ಟು. "ಮನಸ್ಸಲ್ಲೇ ಜೋಡಿಸ್ಕೊಂಡಿದ್ದೀನಿ. ನನ್ನ ತಂಗಿಗೆ ಒಂದಕ್ಷರ ಬರ್ತಿರ್ಲಿಲ್ಲ, ಆದ್ರೂ ತಲೆಯೆತ್ತಿ ಬಾಳಿದ್ಲು, ಅಂತ ಶುರು ಮಾಡ್ತೀನಿ. ಹೇಗೆ? ಕೇಳಿದವರ ಕರುಳು ಚುರ್ ಅನ್ಬೇಕು."

ಕರುಳು ಚುರ್ ಎಂದದ್ದು ಬೋರ್ಡಣ್ಣನಿಗೆ.

"ಭಾವಾ, ಅದು..." ಎಂದ. ಹಿಂದೆ ವಾಚ್‌ಮನ್, ಬೇಕರಿಯವನು, ಟೀಚರ್ ಮೂವರೂ ಕಿವಿಗೊಟ್ಟು ನಿಂತಿದ್ದರು. ಸ್ಟೂಲನ್ನು ಎತ್ತಿಕೊಂಡು ಮುಂದಿನ ಕೊಕ್ಕೆಯ ಕೆಳಗಿಟ್ಟ.

*

ಚಿಕ್ಕಂದಿನಲ್ಲಿ ಅವಳು ಸ್ಕೂಲಿಗೆ ಹೊರಟು ಅಪ್ಪನ ಅಂಗಡಿ ತಲುಪುತ್ತಿದ್ದಳಂತೆ. ಹೊಡೆದು ಕಳಿಸಿದರೂ ತಿರುಗಿ ಬಂದು ಸ್ಪೋಕ್ ಬಿಗಿಯುತ್ತ ಕೂರುತ್ತಿದ್ದಳು. ಅಪ್ಪನಿಗೂ ಸಾಕಾಯಿತು, ಸ್ಕೂಲಿಗೂ ಸಾಕಾಯಿತು. ಮದುವೆಯಾಗುವಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ ಎಂಬುದು ನಿಜ. ಅಣ್ಣನ ತಿಳಿವಳಿಕೆ ಅಲ್ಲಿಗೆ ನಿಂತಿತ್ತು.

ಮದುವೆಯಾದ ಹೊಸದು. ಬೋರ್ಡಣ್ಣ ಬರೆದ ಫಲಕಗಳನ್ನು ಹಿತ್ತಲಲ್ಲಿ ಒಣಗಲು ನಿಲ್ಲಿಸುತ್ತಿದ್ದ. ಒಂದು ದಿನ ಅವಳು ಬಟ್ಟೆ ಒಗೆಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿ, "ಇಲ್ನೋಡಿ, ಈ ಬೋರ್ಡಲ್ಲಿರೋ ಹೊಟ್ಟೆ ಡುಮ್ಮ ಅಕ್ಷರ ಆ ಬೋರ್ಡಲ್ಲೂ ಇದೆ. ಇಬ್ರೂ ಒಂದೇನಾ?" ಎಂದಳು.

"ಒಂದೇ. ಅದು 'ಅ'. ಅದು ಅಕ್ಕಿ ಅಂಗಡಿ, ಇದು ಅರಿವೆ ಅಂಗಡಿ."

"ಮತ್ತೆ ಇವನ ಬಾಲ ಯಾಕೆ ಹೀಗೆ ಮೇಲಕ್ಕೆದ್ದಿದೆ?"

ಸ್ಕೂಲಿನಲ್ಲಿ ಇರುವೆಯಷ್ಟಿದ್ದು ಹೆದರಿಸಿದ್ದ ಅಕ್ಷರಗಳು ಇಲ್ಲಿ ಆಳೆತ್ತರ ನಿಂತು ಅವಳ ಜೊತೆ ಸ್ನೇಹ ಮಾಡಿದವು. ಬಣ್ಣ ಆರುವ ಮುಂಚೆ ಒಂದೊಂದು ಫಲಕವನ್ನೂ ಓದಿ ಮುಗಿಸಬೇಕು, ಇಲ್ಲದಿದ್ದರೆ ಗಿರಾಕಿ ಬಂದು ಒಯ್ದುಬಿಡುತ್ತಾನೆ. ಆ ಅವಸರದಲ್ಲಿ ಕಲಿತಳು. ಒಂದು ಸಲ ಅವನು ಗಿರಾಕಿಗೆ ಕೊಡಲು ಎತ್ತಿಕೊಂಡ ಫಲಕವನ್ನು ತಡೆದು, "ಇವರ ಮನೆತನದ ಹೆಸರಲ್ಲಿ ಒಂದು ಒತ್ತು ನುಂಗಿದ್ದೀರಿ" ಎಂದಳು. ಗಿರಾಕಿಯ ಎದುರಿಗೇ. ಬೋರ್ಡಣ್ಣನಿಗೆ ಅವತ್ತು ಆದಷ್ಟು ಸಂತೋಷ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ. ಮಗಳಿಗೆ ಇದನ್ನು ಯಾರೂ ಹೇಳಿರಲಿಲ್ಲ.

ವರ್ಷಗಳು ಕಳೆದಂತೆ ಅವಳು ಅವನನ್ನೂ ಹಿಂದೆ ಹಾಕಿದಳು. ಅವನಿಗೆ ಅಕ್ಷರದ ಮೈ ಗೊತ್ತು. ಅದರೊಳಗೆ ಓಡಾಡಿ ಬಂದವಳು ಅವಳು.

*

ಗಾಳಿ ಅಕ್ಕನನ್ನು ತಂದು ಅಂಗಡಿಯ ನಡುವೆ ಮಲಗಿಸಿದರು. ಮಗಳು ತಾಯಿಯ ಕೈಯನ್ನು ತೊಳೆದು ಒರೆಸಿದ್ದಳು, ಆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. "ಬಿಡು ಮಗಳೇ, ಅದು ಅವಳ ಬಳೆ ಇದ್ದ ಹಾಗೆ" ಎಂದ ಬೋರ್ಡಣ್ಣ.

ಮಗಳು ಅವನನ್ನು ಪಂಪ್ ಇಡುವ ಮೂಲೆಗೆ ಎಳೆದಳು. "ಅಪ್ಪಾ, ಮಾಮ ಅಮ್ಮಂಗೆ ಓದೋಕೆ ಬರಲ್ಲ ಅಂತ ಭಾಷಣ ಮಾಡ್ತಾರಂತೆ. ನೀನು ಸುಮ್ನೆ ಇರ್ತೀಯಾ?"

"ಏನು ಮಾಡ್ಲಿ ಹೇಳು?"

"ನಿಜ ಹೇಳು! ಬೀದೀಲಿ ಅಮ್ಮನಷ್ಟು ಓದಿದವರು ಯಾರಿದ್ದಾರೆ? ಎಲ್ಲರೂ ಎದ್ದು ಹೋದ್ಮೇಲೆ ಉಳಿಯೋದು ಇದೊಂದೇ ಮಾತು. 'ಪಾಪ, ಅಕ್ಷರ ಬರ್ತಿರ್ಲಿಲ್ಲ.' ಅಷ್ಟೇನಾ ನಮ್ಮಮ್ಮ?"

"ನಿನ್ನ ಮಾಮನಿಗೆ ಹೇಳೋದು ಸುಲಭ," ಎಂದ ಬೋರ್ಡಣ್ಣ ದನಿ ತಗ್ಗಿಸಿ. "ಅಲ್ಲಿ ನೋಡು." ಬೇಕರಿಯವನು ಗಾಳಿ ಅಕ್ಕನ ಪಾದದ ಬಳಿ ಕೂತು, ಹೊಸದಾಗಿ ಬಂದವರಿಗೆ ತಾನು ಹೇಗೆ ಅವಳಿಗೆ ಕಣ್ಣಾಗಿದ್ದೆ ಎಂದು ಹೇಳುತ್ತಿದ್ದ. "ಅವನಿಗೆ ಏನು ಹೇಳ್ಲಿ? ನೀನು ಅಷ್ಟು ವರ್ಷ ಓದಿದ್ದೆಲ್ಲ ಅವಳು ಮೊದ್ಲೇ ಓದಿದ್ದು ಕಣಯ್ಯಾ ಅಂತಲಾ? ಅವನು ನಿನ್ನಮ್ಮನಿಗೆ ಕೊಟ್ಟಿದ್ದು ಅದೊಂದೇ ಅಂದ್ಕೊಂಡಿದ್ದಾನೆ. ಹೆಣದ ಮುಂದೆ ನಿಂತು ಅದನ್ನ ಕಿತ್ಕೊಳ್ಳೋಕಾಗುತ್ತಾ?"

"ಹಾಗಂತ ಅಮ್ಮನ ಮರ್ಯಾದೆ?"

"ಅದೇ ತಲೆ ತಿಂತಿದೆ," ಎಂದ. "ಒಂದು ಕಡೆ ಇವಳ ಮರ್ಯಾದೆ, ಒಂದು ಕಡೆ ಇವರ ಮನಸ್ಸು. ಇವಳನ್ನೇ ಕೇಳೋಣ ಅಂದ್ರೆ..." ಎಂದವನು ಪಂಪಿನ ಹಿಡಿಯನ್ನು ಟವೆಲಿನಿಂದ ಒರೆಸತೊಡಗಿದ.

*

ಬುಟ್ಟಿಯನ್ನು ತಂದುಕೊಟ್ಟವಳು ಪೋಸ್ಟಮ್ಮ, ಬೀದಿಗೆಲ್ಲ ಅಂಚೆ ಹಂಚುವವಳು. ಆಗ ಗಾಳಿ ಅಕ್ಕ ಬೆಳಗ್ಗೆ ಎದ್ದು ತನಗಿಷ್ಟದ ಒಂದೊಂದು ವೆಬ್‌ಸೈಟಿಗೂ ಹೋಗಿ, ಹೊಸದೇನಾದರೂ ಬಂದಿದೆಯಾ ಎಂದು ನೋಡಿ ಬರುತ್ತಿದ್ದಳು. ಅವು ದೊಡ್ಡ ಪತ್ರಿಕೆಗಳಲ್ಲ. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ. ಕಿಟಕಿಯ ಹೊರಗಿನ ಒಂದೇ ಮರದ ಬಗ್ಗೆ ಬರೆಯುವ ಹೆಂಗಸೊಬ್ಬಳು. ಯಾವುದೋ ತಂಪು ದೇಶದಲ್ಲಿ ಬ್ರೆಡ್ ಸುಡುವ ಗಂಡ ಹೆಂಡಿರು. ಇಂಥವರು. ಇವರಲ್ಲಿ ಯಾರೂ ಇಂಥ ದಿನ ಎಂದು ಹೇಳಿ ಬರೆಯುವವರಲ್ಲ. ಮನಸ್ಸು ಬಂದಾಗ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ.

"ಮನೆಮನೆ ಬಾಗಿಲು ತಟ್ಟೋದು ನನ್ನ ಕೆಲಸ, ನೀನ್ಯಾಕಕ್ಕಾ ತಟ್ಕೊಂಡು ಓಡಾಡ್ತೀಯ?" ಎಂದಳು ಪೋಸ್ಟಮ್ಮ. ಟ್ಯಾಬಿನಲ್ಲಿ ಫೀಡ್ ರೀಡರ್ ಹಾಕಿಕೊಟ್ಟು ಒಂದೊಂದೇ ವಿಳಾಸ ಸೇರಿಸಿದಳು. "ಇನ್ಮೇಲೆ ಅವರೇ ನಿನ್ನ ಬಾಗಿಲಿಗೆ ಬರ್ತಾರೆ. ದಪ್ಪಕ್ಷರದಲ್ಲಿ ಇರೋದು ನೀನು ಓದಿಲ್ಲ ಅಂತ. ಓದಿದ ಕೂಡ್ಲೆ ಮಂಕಾಗುತ್ತೆ."

"ಎಂಜಲಾಯ್ತು ಅನ್ನು."

"ಹ್ಞೂಂ. ಮತ್ತೆ ಓದ್ಬೇಕು ಅನ್ಸಿದ್ರೆ ಇಲ್ಲಿ ಒತ್ತು, 'ಓದಿಲ್ಲ' ಅಂತ ಗುರುತು ಬೀಳುತ್ತೆ. ಮೊದಲಿನ ಹಾಗೆ ದಪ್ಪ."

ಆ ಗುಂಡಿಯನ್ನು ಗಾಳಿ ಅಕ್ಕ ಬಳಸಿದಷ್ಟು ಲೋಕದಲ್ಲಿ ಇನ್ಯಾರೂ ಬಳಸಿರಲಾರರು. ಬೆಳಕು ಹರಿಯುವಾಗ ಎದ್ದು ಬುಟ್ಟಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದಳು. ಓದಿ, ಸ್ವಲ್ಪ ಹೊತ್ತು ಸೂರು ನೋಡಿ, ಒಂದೊಂದಕ್ಕೂ 'ಓದಿಲ್ಲ' ಎಂದು ಒತ್ತುತ್ತಿದ್ದಳು. ತೊಳೆದ ತಟ್ಟೆಗಳನ್ನು ಮತ್ತೆ ಸಾಲಾಗಿ ಜೋಡಿಸಿದ ಹಾಗೆ. ಆಮೇಲೆ ಅಂಗಡಿಯ ಷಟರ್ ಎತ್ತುತ್ತಿದ್ದಳು.

"ಇದೇನೇ ನಾಟಕ?" ಎಂದು ಒಮ್ಮೆ ಬೋರ್ಡಣ್ಣ ಕೇಳಿದ್ದ. "ನೀನೇ ಓದಿಯಾದ್ಮೇಲೆ ಇನ್ನೊಬ್ರ ಬಾಯಲ್ಲಿ ಯಾಕೆ ಓದಿಸ್ತೀಯ?"

"ಪಂಕ್ಚರ್ ಆದವರ ಮುಖ ನೋಡಿದ್ದೀರಾ? ಲೋಕವೆಲ್ಲ ಸೇರ್ಕೊಂಡು ಅವರ ಟೈರಿಗೇ ಮೊಳೆ ಇಟ್ಟ ಹಾಗಿರುತ್ತೆ. ಅವರ ಕೈಲಿ ನನಗೊಂದು ಉಪಕಾರ ಮಾಡಿಸ್ಕೊಳ್ಳಿ, ಆಮೇಲೆ ನೋಡಿ ಆ ಮುಖ."

"ಅದಕ್ಕೆ ನೀನು ಮೊದ್ಲೇ ಓದ್ಬೇಕಾ?"

"ಮತ್ತೆ? ಯಾರಿಗೆ ಯಾವುದು ಅಂತ ನೋಡ್ಬೇಡ್ವಾ? ಆ ವಾಚ್‌ಮನ್ ರಾತ್ರಿಯೆಲ್ಲ ಗೇಟಿನ ಮುಂದೆ ಒಂದೇ ಕಡೆ ನಿಂತಿರ್ತಾನೆ, ಅವನಿಗೆ ಹಡಗು ಬೇಕು. ಆ ಟೀಚರ್ ಮನೇಲಿ ಕಾಯಿಲೆಯವರಿದ್ದಾರೆ, ದಿನಾ ಗಡಿಬಿಡಿ. ಅವರಿಗೆ ಏನೂ ಆಗದೇ ಇರೋದು ಬೇಕು. ಅದಕ್ಕೇ ಮರ." ಟ್ಯೂಬಿಗೆ ಸೊಲ್ಯೂಷನ್ ಬಳಿದು ಊದುತ್ತ ಸೇರಿಸಿದಳು, "ಬೇಕರಿಯವನು ಮಾತೇ ಆಡ್ತಿರ್ಲಿಲ್ಲ, ಗೊತ್ತಲ್ಲ. ಬ್ರೆಡ್ಡಿನವರದ್ದು ಕೊಟ್ಟೆ. ಈಗ ಬಾಯಿ ಮುಚ್ಚಿಸೋರು ಯಾರು ಅಂತ ಹುಡುಕ್ತಿದ್ದೀನಿ."

*

ವ್ಯಾನ್ ಬಂದು ಅಂಗಡಿಯ ಎದುರು ನಿಂತಿತು. ಡ್ರೈವರ್ ಇಂಜಿನ್ ಆರಿಸದೆ ಕಿಟಕಿಯಿಂದ ತಲೆ ಹೊರಹಾಕಿ, "ಬೇಗ ಮುಗಿಸ್ಕೊಳ್ಳಿ, ಇನ್ನೊಂದು ಕಡೆ ಹೋಗ್ಬೇಕು" ಎಂದ. ಅಂಗಡಿ ತುಂಬಿ ಜನ ಬೀದಿಗೆ ಚೆಲ್ಲಿದ್ದರು. ಸುಮಾರು ಮಂದಿ ಸೈಕಲ್ಲನ್ನೂ ಜೊತೆಗೇ ತಂದು ಹಿಡಿದು ನಿಂತಿದ್ದರು.

ಅಣ್ಣ ತಂಗಿಯ ತಲೆಯ ಬಳಿ ನಿಂತು ಗಂಟಲು ಸರಿಮಾಡಿಕೊಂಡ.

"ನನ್ನ ತಂಗಿಗೆ ಒಂದಕ್ಷರ ಬರ್ತಿರ್ಲಿಲ್ಲ," ಎಂದ.

ಬೋರ್ಡಣ್ಣ ಅವಳ ಮುಖ ನೋಡಿದ. ಏನನ್ನೋ ಕೇಳಿಸಿಕೊಳ್ಳುತ್ತ ಕಣ್ಣು ಮುಚ್ಚಿದವಳ ಹಾಗೆ ಕಂಡಳು. ಅವನಿಗೆ ತಡೆಯಲಾಗಲಿಲ್ಲ.

"ಬರ್ತಿತ್ತು ಭಾವಾ," ಎಂದ. ದನಿ ತನಗೇ ಗುರುತು ಸಿಗದಷ್ಟು ಜೋರಾಗಿತ್ತು. "ನನಗಿಂತ ಚೆನ್ನಾಗಿ ಬರ್ತಿತ್ತು. ಬುಟ್ಟೀಲಿದ್ದದ್ದನ್ನೆಲ್ಲ ಬೆಳಗ್ಗೆ ಅವಳೇ ಓದಿರ್ತಿದ್ಲು. ಓದಿ, ಓದಿಲ್ಲ ಅಂತ ಗುರುತು ಹಾಕಿಡ್ತಿದ್ಲು." ಹೇಳಿದವನೇ ಬೇಕರಿಯವನ ಕಡೆ ತಿರುಗಿದ. "ನೀನು ಬೇಜಾರು ಮಾಡ್ಕೋಬೇಡ ಕಣಪ್ಪಾ. ನಿಮಗೆ ಮೋಸ ಮಾಡ್ಬೇಕು ಅಂತಲ್ಲ ಅವಳು..."

ಬೇಕರಿಯವನು ನೆಲ ನೋಡಿದ.

"ನಂಗೊತ್ತಿತ್ತು ಬೋರ್ಡಣ್ಣ," ಎಂದ ಬೇಕರಿಯವನು ಮೆಲ್ಲಗೆ.

"ಏನು?"

"ಒಂದ್ಸಲ ಅಕ್ಕ ಗುರುತು ಹಾಕೋದು ಮರೆತಿದ್ಲು. ಬ್ರೆಡ್ಡಿನವರದ್ದು ಪೂರ್ತಿ ಮಂಕಾಗಿತ್ತು. ನಾನೇ ಮೊದಲು ಓದೋನ ಹಾಗೆ ಓದ್ಬಿಟ್ಟೆ. ಅಕ್ಕನಿಗೆ ನಾಚಿಕೆ ಆಗ್ಬಾರ್ದು ನೋಡಿ."

"ಓಹೋ, ನಿಂಗೂ ಗೊತ್ತಿತ್ತಾ?" ಎಂದ ವಾಚ್‌ಮನ್. "ಹಡಗಿನವನ ಗೆಳೆಯ ಸಮುದ್ರಕ್ಕೆ ಬಿದ್ದು ಸತ್ತ ಭಾಗ ಇತ್ತಲ್ಲ, ಅದನ್ನ ಓದೋಕಾಗದೆ ನುಂಗ್ಕೊಂಡು ಮುಂದಕ್ಕೆ ಹೋದೆ. ಅಕ್ಕ ನಟ್ ಬಿಚ್ಚೋ ಪಾನಾ ಕೆಳಗಿಟ್ಟು, 'ಹೋಗ್ಲಿ ಬಿಡು, ನನಗೂ ಅದು ಕಷ್ಟ ಆಯ್ತು' ಅಂದ್ಬಿಟ್ಲು. ಆಮೇಲೆ ನಾಲಿಗೆ ಕಚ್ಕೊಂಡ್ಲು. ನಾನು ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ಇದ್ದೆ."

"ನನ್ನ ಹತ್ರ ತಮಾಷೆ ಬರೋಕೆ ಮುಂಚೇನೇ ನಕ್ಕುಬಿಡ್ತಿದ್ಲು," ಎಂದರು ಟೀಚರ್. "ಅವಳು ನಕ್ಕಿದ್ದು ನೋಡಿ, ಓಹ್, ಮುಂದಿನ ಸಾಲಲ್ಲಿ ತಮಾಷೆ ಇದೆ ಅಂತ ನಾನು ತಯಾರಾಗ್ತಿದ್ದೆ."

ಬೀದಿಯ ಕಡೆಯಿಂದ ಯಾರೋ ಫಕ್ಕನೆ ನಕ್ಕರು. ಅದಕ್ಕೇ ಕಾದಿದ್ದಂತೆ ಅಂಗಡಿಯೊಳಗಿನವರೂ ನಕ್ಕರು. "ನಂಗೂ ಗೊತ್ತಿತ್ತು", "ನಂಗೊಬ್ಬಳಿಗೇ ಗೊತ್ತು ಅಂದ್ಕೊಂಡಿದ್ದೆ", ಒಂದೊಂದು ಸೈಕಲ್ಲಿನ ಹಿಂದಿನಿಂದಲೂ ಒಂದೊಂದು ದನಿ ಬಂತು.

"ಮತ್ತೆ ಯಾರೂ ಹೇಳ್ಲಿಲ್ವಲ್ಲ!" ಎಂದ ಬೋರ್ಡಣ್ಣ, ಅಳುವೋ ನಗುವೋ ತನಗೇ ತಿಳಿಯದೆ.

"ಹೇಳಿದ್ರೆ ಓದೋ ಕೆಲಸ ಹೋಗ್ತಿರ್ಲಿಲ್ವಾ?" ಎಂದ ಬೇಕರಿಯವನು. "ಅಲ್ಲದೆ ಒಂದ್ಮಾತು ಹೇಳ್ಲಾ? ಓದೋಕೆ ಬರದವರಿಗೆ ಯಾರು ಬೇಕಾದ್ರೂ ಓದ್ಬಹುದು. ಅಷ್ಟು ಓದಿದವಳು ನನ್ನ ಬಾಯಲ್ಲಿ ಇನ್ನೊಂದ್ಸಲ ಕೇಳ್ಬೇಕು ಅಂತ ಕೂರ್ತಿದ್ಲಲ್ಲ, ಅದಕ್ಕೇ ನನಗೆ ಎದೆ ಇಷ್ಟಗಲ."

ಬೋರ್ಡಣ್ಣನಿಗೆ ಕಣ್ಣು ತುಂಬಿ ಜನರೆಲ್ಲ ಕಲಸಿಹೋದರು. ಬೀದಿಯ ಒಂದೊಂದು ಅಂಗಡಿಯ ಮೇಲೂ ಅವನು ಬರೆದ ಅಕ್ಷರಗಳಿದ್ದವು, ದೂರಕ್ಕೇ ಕಾಣುವಂಥವು. ಅವಳು ಹೆಸರಿಲ್ಲದೆ ಮಾಡಿದ ಕೆಲಸ ಅದಕ್ಕಿಂತ ಎದ್ದು ಕಾಣುತ್ತಿತ್ತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿ ನೆಟ್ಟಗೆ ನಿಂತ.

ಮಾತು ಅರ್ಧಕ್ಕೇ ನಿಲ್ಲಿಸಿದ್ದ ಅಣ್ಣ ಬೋರ್ಡಣ್ಣನ ಕಡೆ ತಿರುಗಿದ.

"ಅಂದ್ರೆ," ಎಂದ ಅವನು, "ವಾರ ವಾರ ನಾನು ಫೋನಲ್ಲಿ ಅವಳಿಗೆ ಪೇಪರ್ ಓದಿ ಹೇಳ್ತಿದ್ನಲ್ಲ? ಪಾಪ ತಂಗಿಗೆ ತಿಳೀಲಿ ಅಂತ. ಮಳೆ, ಚುನಾವಣೆ, ಅಡುಗೆ ಪುಟ..."

"ಅದನ್ನೂ ಮೊದ್ಲೇ ಓದಿರ್ತಿದ್ಲು ಮಾಮ," ಎಂದಳು ಮಗಳು. "ನೀವು ಫೋನ್ ಮಾಡೋ ಹೊತ್ತಿಗೆ ಕೈ ತೊಳ್ಕೊಂಡು ರೆಡಿಯಾಗಿ ಕೂರ್ತಿದ್ಲು. 'ನಮ್ಮಣ್ಣನ ದನೀಲಿ ಬಂದ್ರೇನೇ ಅದು ಸುದ್ದಿ' ಅಂತಿದ್ಲು."

ಅಣ್ಣ ಕಾಯುವವರ ಬೆಂಚಿನ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಕೈ ತೆಗೆದಾಗ ಅವನ ಮುಖದ ಮೇಲೆ, ಚಿಕ್ಕಂದಿನಲ್ಲಿ ತಂಗಿಯ ಕೈಲಿ ಸೋತಾಗ ಇದ್ದಿರಬಹುದಾದ ನಗು ಇತ್ತು.

"ಕಳ್ಳಿ," ಎಂದ. "ಎಲ್ಲಾರನ್ನೂ ಆಟ ಆಡಿಸಿದ್ಲು."

ಪೋಸ್ಟಮ್ಮ ಜನರ ನಡುವಿನಿಂದ ಮುಂದೆ ಬಂದಳು. ಕೆಲಸದ ಮೇಜಿನ ಮೇಲಿಂದ ಟ್ಯಾಬ್ ಎತ್ತಿಕೊಂಡು, ಪ್ಲಾಸ್ಟಿಕ್ ಕವರನ್ನು ಸೆರಗಿನಿಂದ ಒರೆಸಿ ನೋಡಿದಳು.

"ಇವತ್ತು ಬೆಳಗ್ಗೆ ಬಂದಿದ್ದು ಒಂದಿದೆ ಬೋರ್ಡಣ್ಣ," ಎಂದಳು. "ಮರದಮ್ಮಂದು. ದಪ್ಪಕ್ಷರದಲ್ಲೇ ಇದೆ."

ಅದು ಗುರುತು ಹಾಕಿದ ದಪ್ಪವಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ಟೀಚರ್ ಕೈ ಚಾಚಿದರು, ಮರ ಅವರ ಪಾಲಿನದು. ಚಾಚಿದವರು ಬೋರ್ಡಣ್ಣನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡರು.

ಬೋರ್ಡಣ್ಣ ಟ್ಯಾಬನ್ನು ತೆಗೆದುಕೊಂಡು ಬೆಂಚಿನ ಬಳಿ ಹೋದ. "ಭಾವಾ, ಕನ್ನಡಕ ಇದೆಯಾ?"

"ಇದೆ. ಯಾಕೆ?"

"ಇದೊಂದು ಅವಳು ಓದಿಲ್ಲ. ನಿಜವಾಗ್ಲೂ ಓದಿಲ್ಲ. ಒಸಿ ಓದಿ ಹೇಳಿ."

ಅಣ್ಣ ಕನ್ನಡಕ ಹಾಕಿಕೊಂಡ. ಬೆಂಚನ್ನು ತಂಗಿಯ ಹತ್ತಿರಕ್ಕೆ ಎಳೆದುಕೊಂಡ. ಫೋನಿನಲ್ಲಿ ಓದುತ್ತಿದ್ದ ಹಾಗೆ ಮೊದಲು ಒಂದು ಸಲ ಕೆಮ್ಮಿ, ಬಿಡಿಬಿಡಿಯಾಗಿ ಓದತೊಡಗಿದ. "ಇವತ್ತು ಹೇಳುವಂಥದ್ದು ಏನೂ ಇಲ್ಲ. ಮರ ನಿನ್ನೆ ಹೇಗಿತ್ತೋ ಹಾಗೇ ಇದೆ. ಎಡಗಡೆಯ ಕೊಂಬೆಯ ಮೇಲೆ ಒಂದು ಹಕ್ಕಿ ಬಂದು ಕೂತಿತು. ಹಾಡುತ್ತದೇನೋ ಎಂದು ಕಾದೆ. ಹಾಡಲಿಲ್ಲ. ಆದರೂ ಅದು ಹಾರಿಹೋಗುವವರೆಗೆ ನಾನು ಕಿಟಕಿ ಬಿಟ್ಟು ಏಳಲಿಲ್ಲ..."

ಬೀದಿಯ ತುದಿಯಲ್ಲಿದ್ದವರಿಗೆ ಕೇಳಿಸುತ್ತಿರಲಿಲ್ಲ. ಅವರು ಸೈಕಲ್ಲುಗಳನ್ನು ಮೆಲ್ಲಗೆ ದೂಡಿಕೊಂಡು ಮುಂದೆ ಬಂದರು. ವ್ಯಾನಿನ ಡ್ರೈವರ್ ಏನೋ ಹೇಳಲು ಕಿಟಕಿಯಿಂದ ತಲೆ ಹೊರಹಾಕಿದವನು, ಓದಿಗೆ ಕಿವಿಗೊಟ್ಟ. ಆಮೇಲೆ ಕೈ ನೀಡಿ ಇಂಜಿನ್ ಆರಿಸಿ, ಕೆಳಗಿಳಿದು, ಜನರ ನಡುವೆ ದಾರಿ ಮಾಡಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತ.